ಕಳುವಿಲ್ಲದ ಬೇಸಿಗೆ

ಲಾಕ್‌ಡೌನ್ ಶುರುವಾಗಿ ಮೂರನೇ ವಾರ ಮುಗಿಯುವುದರೊಳಗೆ ನಾನು ಮನೆಯ ಮಿಕ್ಸರ್, ಎರಡು ಫ್ಯಾನು, ಹೊಲಿಗೆ ಯಂತ್ರ ಎಲ್ಲವನ್ನೂ ಬಿಚ್ಚಿ, ಎಣ್ಣೆ ಹಾಕಿ, ಮತ್ತೆ ಜೋಡಿಸಿಯಾಗಿತ್ತು. ಬೆಳಗಾವಿಯ ಆಟೋ ನಗರದಲ್ಲಿ ಇಪ್ಪತ್ತೈದು ವರ್ಷದಿಂದ ದ್ವಿಚಕ್ರ ವಾಹನ ರಿಪೇರಿ ಮಾಡಿಕೊಂಡು ಬಂದವನನ್ನು ಮಹಾಂತೇಶ ನಗರದ ಮೂರು ಕೋಣೆಯ ಮನೆಯಲ್ಲಿ ಕೂಡಿಹಾಕಿದರೆ ಇನ್ನೇನಾಗುತ್ತದೆ? ಸ್ಕ್ರೂ ಡ್ರೈವರ್ ಹಿಡಿದು ಅಡಿಗೆಮನೆಗೆ ಹೋದ ದಿನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಗ್ಯಾಸ್ ಒಲಿಗೆ ಕೈ ಹಚ್ಚೀರಿ ಅಂದ್ರ ನೋಡ್ರಿ ಮತ್ತ. ಹೊರಗ ಕುಂದರ್ರಿ ಸುಮ್ಮ."

ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ. ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಅದೇ ಹೊತ್ತಿಗೆ ಪೊಲೀಸ್ ಠಾಣೆಯಿಂದ ಫೋನ್ ಬಂತು. ಬೇರೆ ದಿನವಾಗಿದ್ದರೆ ಠಾಣೆಯ ಫೋನ್ ಎಂದರೆ ಎದೆ ಧಸಕ್ ಎನ್ನುತ್ತಿತ್ತು. ಅವತ್ತು ಮಾತ್ರ ಖುಷಿಯಾಯಿತು ಅಂದರೆ ನಂಬಬೇಕು.

ಫೋನ್ ಮಾಡಿದವರು ಆ ಠಾಣೆಯ ಹವಾಲ್ದಾರ್ ಮೇಡಮ್. ಖಾನಾಪುರದ ಹೆಣ್ಣುಮಗಳು, ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವರು. ಅವರ ಸ್ಕೂಟಿ ರಿಪೇರಿಗೆ ನನ್ನ ಅಂಗಡಿಗೇ ಬರುತ್ತಿತ್ತು. ಮನೆಯಲ್ಲಿ ಮರಾಠಿ, ಠಾಣೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ವಿಷಯ ಇಷ್ಟೇ: ಸುಮ್ಮನೆ ತಿರುಗುತ್ತಾರೆಂದು ಹಿಡಿದ ಗಾಡಿಗಳು ಠಾಣೆಯ ಅಂಗಳ ತುಂಬಿ, ರಸ್ತೆಗೂ ಬಂದು, ಕೊನೆಗೆ ಮದುವೆಗಳಿಲ್ಲದೆ ಬಾಗಿಲು ಹಾಕಿದ್ದ ಬಾಜುವಿನ ಮಂಗಲ ಕಾರ್ಯಾಲಯಕ್ಕೆ ಹೋಗಿದ್ದವು. ಒಂದೇ ಕಂಪನಿ, ಒಂದೇ ಬಣ್ಣದ ಗಾಡಿಗಳು ಸಾಲುಗಟ್ಟಿ ನಿಂತು, ಎಷ್ಟೋ ನಂಬರ್ ಪ್ಲೇಟುಗಳು ಮುರಿದು ಅಳಿಸಿ, ಯಾರದು ಯಾವುದೆಂಬುದೇ ತಿಳಿಯದಂತಾಗಿತ್ತು. ಒಬ್ಬನ ಗಾಡಿ ಇನ್ನೊಬ್ಬನಿಗೆ ಕೊಟ್ಟು ಒಂದು ದೊಡ್ಡ ಜಗಳವೂ ಆಗಿತ್ತು. ಹೀಗಾಗಿ ಪ್ರತಿ ಗಾಡಿಯ ಚಾಸಿ ನಂಬರ್ ತೆಗೆದು, ದಾಖಲೆಗೆ ತಾಳೆ ನೋಡಿಯೇ ಬಿಡಬೇಕೆಂದು ಸಾಹೇಬರ ಹುಕುಂ.

"ಮಿಸ್ತ್ರೀ, ನಮ್ಮ ಮಂದಿಗೆ ನಂಬರ್ ಎಲ್ಲಿರತೈತಿ ಅನ್ನೂದ ಗೊತ್ತಿಲ್ರೀ. ಪಾಸ್ ಕೊಡಸ್ತೀನಿ, ನೀವ ಬರ್ರಿ" ಎಂದರು.

ಮರುದಿನ ಬೆಳಿಗ್ಗೆ ಎಂಟಕ್ಕೆಲ್ಲ ಹೋಗಿ ನಿಂತೆ. ಎಲ್ಲಿಲ್ಲದ ಹುರುಪು! ಕಾರ್ಯಾಲಯದ ಊಟದ ಹಾಲ್‌ನಲ್ಲಿ, ಬೀಗರು ಕೂತು ಬುಂದಿ ಲಾಡು ತಿನ್ನುತ್ತಿದ್ದ ಜಾಗದಲ್ಲಿ, ಗಾಡಿಗಳು ಪಂಕ್ತಿಯಲ್ಲಿ ಕೂತಂತೆ ಕಂಡವು. ಕೆಲಸ ಕಷ್ಟದ್ದಲ್ಲ, ತಾಳ್ಮೆಯದು. ಹ್ಯಾಂಡಲ್ ಕೆಳಗೆ ಗಾಡಿಯ ಕುತ್ತಿಗೆ ಇರುತ್ತದಲ್ಲ, ಅದರ ಮೇಲೆ ಕಂಪನಿಯವರು ನಂಬರ್ ಕೊರೆದಿರುತ್ತಾರೆ. ಅಲ್ಲಿನ ಗ್ರೀಸು, ಕೆಸರು ಕೆರೆದು ಒರೆಸಬೇಕು. ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ಉಜ್ಜಬೇಕು. ಆಗ ನಂಬರ್ ಕಾಗದದ ಮೇಲೆ ಬಿಳಿಯಾಗಿ ಮೂಡುತ್ತದೆ. ಮೇಡಮ್ ಕೊಟ್ಟ ಪಟ್ಟಿಯಲ್ಲಿ ಗಾಡಿಯ ನಂಬರ್, ಮಾಲಕನ ಹೆಸರು, ದಾಖಲೆಯಲ್ಲಿದ್ದ ಚಾಸಿ ನಂಬರ್ ಇರುತ್ತಿತ್ತು. ನಾನು ಅಚ್ಚು ತೆಗೆದು ಎದುರಿಗೆ ಅಂಟಿಸಿ, ಎರಡೂ ಒಂದೇ ಇದ್ದರೆ ಟಿಕ್ ಹಾಕಬೇಕು. ಪಟ್ಟಿಯ ಕೆಳಗೆ ಮೇಡಮ್ ಸಹಿ.

ಮಧ್ಯಾಹ್ನ ಅವರು ಡಬ್ಬಿ ಬಿಚ್ಚಿ ದೂರದ ಕುರ್ಚಿಯಲ್ಲಿ ಕೂತರೆ ನಾನು ವೇದಿಕೆಯ ಮೆಟ್ಟಿಲ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದೆ. ಮಾತು ತಾನಾಗಿ ಕಳುವಿನ ಕಡೆಗೆ ಹೋಗುತ್ತಿತ್ತು. ಮೊದಲೆಲ್ಲ ಬಸ್‌ಸ್ಟ್ಯಾಂಡಿನ ಕಿಸೆಗಳ್ಳರು, ಬೆಳಿಗ್ಗೆ ವಾಕಿಂಗ್ ಹೋದವರ ಸರ, ಪೇಟೆಯಲ್ಲಿ ನಿಲ್ಲಿಸಿದ ಬೈಕು, ಏನಾದರೊಂದು ದಿನಾ ಇರುತ್ತಿತ್ತಂತೆ. ಬಂದ್ ಆದ ಮೇಲೆ ಅವರ ಠಾಣೆಯಲ್ಲಿ ಬೈಕ್ ಕಳುವಿನ ಒಂದು ದೂರೂ ಬಂದಿರಲಿಲ್ಲ.

"ಕಳ್ಳರು ಸುಧಾರಿಸ್ಯಾರೇನ್ರೀ ಮೇಡಮ್?" ಎಂದು ಕೆಣಕಿದೆ.

"ಸುಧಾರಸ್ತಾರ, ಯಾಕಿಲ್ಲ! ಗರ್ದಿ ಇಲ್ಲ, ಕಿಸೆ ಎಲ್ಲಿ ಕತ್ತರಸ್ತಾರ? ಮನಿಗಳ್ಳ ಬಂದ್ರ ಮನಿ ತುಂಬ ಮಂದಿ. ಬೈಕ್ ಕದ್ದು ಹೊಂಟ್ರ ಮುಂದಿನ ಚೌಕಿನ್ಯಾಗ ನಾವ." ಅನ್ನ ಕಲಸುತ್ತಲೇ ಮುಂದುವರಿಸಿದರು. "ಮನ್ನೆ ಸಾಹೇಬ್ರಿಗೂ ಹೇಳೀನಿ. ಕಳುವು ಕಡಿಮಿ ಆಗೈತೊ, ಹೇಳಾಕ ಬರಾವ್ರು ಕಡಿಮಿ ಆಗ್ಯಾರೊ, ಈ ರಿಜಿಸ್ಟರಿಗೆ ಗೊತ್ತಾಗಂಗಿಲ್ಲ. ಮನ್ಯಾಗ ಗಂಡ ಬಡದ್ರ ಆಕಿ ಠಾಣೇಕ ಹೆಂಗ ಬರಬೇಕ್ರೀ? ಬಸ್ಸಿಲ್ಲ, ರಿಕ್ಷಾ ಇಲ್ಲ. ಫೋನಿನ್ಯಾಗ ಓಟಿಪಿ ಕೇಳಿ ಮೋಸ ಮಾಡಾವ್ರು ಮಾತ್ರ ಭರ್ಜರಿ ಅದಾರ. ಅವ್ರಿಗೆ ಲಾಕ್‌ಡೌನ್ ಇಲ್ಲ."

ಆ ಮಾತು ಆಗ ನನ್ನ ತಲೆಗೆ ಹೋಗಲಿಲ್ಲ. ಊರಲ್ಲಿ ಕಳುವೇ ಇಲ್ಲ ಎನ್ನುವಷ್ಟನ್ನೇ ಹಿಡಿದುಕೊಂಡು ಓಣಿಯಲ್ಲಿ ಬಾಲ್ಕನಿಯಿಂದ ಬಾಲ್ಕನಿಗೆ ಕೂಗಿ ಹೇಳಿದೆ. ನಾನೇ ನಿಂತು ಕಳ್ಳರನ್ನು ಓಡಿಸಿದ ಹಾಗೆ.

ನಾಲ್ಕನೇ ದಿನ, ಬೆಳಿಗ್ಗೆ ಹತ್ತರ ಸುಮಾರಿಗೆ, ಕೈತೊಳೆಯುವ ತೊಟ್ಟಿಗಳ ಹತ್ತಿರ ನಿಂತಿದ್ದ ಒಂದು ಕರಿ ಬೈಕಿನ ಮುಂದೆ ಕೂತೆ. ಎಡಗಡೆ ಕಾಲಿಡುವ ಪಟ್ಟಿಗೆ ಹಾಕಿದ್ದ ವೆಲ್ಡಿಂಗ್ ನೋಡಿದ ಕೂಡಲೇ ಗೊತ್ತಾಯಿತು, ಇದು ನನ್ನ ಕೈಕೆಲಸ. ಮೇಡಮ್ ಕೊಟ್ಟ ಪಟ್ಟಿಯಲ್ಲಿ ಹೆಸರು ನೋಡಿದೆ. ನಂದಗಡದವನು. ಖಾನಾಪುರದ ಆಸ್ಪತ್ರೆಯೊಂದರಲ್ಲಿ ಅಟೆಂಡರ್, ಮೂವತ್ತರ ಆಸುಪಾಸಿನ ಮನುಷ್ಯ. ರಿಪೇರಿಯ ಜೊತೆಗೆ ಹಳೇ ಗಾಡಿ ಕೊಂಡು ಮಾರುವುದೂ ನನಗಿತ್ತು; ಹಿಂದಿನ ವರ್ಷ ದಸರೆಗೆ ನಾನೇ ಅವನಿಗೆ ಈ ಗಾಡಿ ಮಾರಿದ್ದೆ. ಕುರಿ ಮೇಯಿಸುವ ಮನೆತನದಲ್ಲಿ ಸಂಬಳದ ಕೆಲಸಕ್ಕೆ ಸೇರಿದ ಮೊದಲಿಗ ಅವನು. ಕೆಲಸವೂ ಕಾಯಂ ಅಲ್ಲ, ವರ್ಷ ವರ್ಷ ಮುಂದುವರಿಸುವಂಥದ್ದು. ಅಯ್ಯೋ, ಇವನೂ ಸಿಕ್ಕಿಬಿದ್ದನೇ ಎಂದು ನಗುತ್ತಲೇ ಗ್ರೀಸು ಕೆರೆದು, ಕಾಗದ ಇಟ್ಟು, ಪೆನ್ಸಿಲ್ ಉಜ್ಜಿದೆ.

ನಂಬರ್ ತಾಳೆಯಾಗಲಿಲ್ಲ.

ಕಾಗದ ಸರಿದಿರಬೇಕು ಎಂದು ಇನ್ನೊಂದು ತೆಗೆದೆ. ಮೂರನೆಯದನ್ನೂ ತೆಗೆದೆ. ಮೂರೂ ಒಂದೇ, ಪಟ್ಟಿಯದು ಮಾತ್ರ ಬೇರೆ. ಆಟೋ ನಗರದಲ್ಲಿ ಇದ್ದವನಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ಎಲ್ಲೋ ಅಪಘಾತದಲ್ಲಿ ಜಜ್ಜಿ ಗುಜರಿಗೆ ಹೋದ ಬೈಕಿನ ದಾಖಲೆ ಮತ್ತು ನಂಬರ್ ಪ್ಲೇಟನ್ನು, ಅದೇ ಬಣ್ಣದ ಕದ್ದ ಬೈಕಿಗೆ ಹಾಕಿದ್ದಾರೆ. ಕಾಗದ ಖರೇ, ಗಾಡಿ ಕಳುವಿನದು. ಮತ್ತು ಅದನ್ನು ಮಾರಿದವನು ನಾನು.

ಇಪ್ಪತ್ತೈದು ವರ್ಷದಲ್ಲಿ ಅಚ್ಚು ತೆಗೆಯದೆ ಹಳೇ ಗಾಡಿ ಕೊಟ್ಟವನಲ್ಲ ನಾನು. ಆ ಒಂದು ಗಾಡಿಗೆ ಏಕೆ ತೆಗೆಯಲಿಲ್ಲವೆಂಬುದು ಕೂತಲ್ಲೇ ನೆನಪಾಯಿತು. ಮಾರಲು ತಂದವನು ಇಸ್ತ್ರಿ ಮಾಡಿದ ಅಂಗಿ ಹಾಕಿದ, ಕನ್ನಡ ಮರಾಠಿ ಎರಡನ್ನೂ ಚಂದ ಮಾತಾಡುವ ಮನುಷ್ಯ. ತಂದಿದ್ದು ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ಸಂಜೆ. ಮುರಿದ ಕಾಲುಪಟ್ಟಿಗೆ ವೆಲ್ಡಿಂಗ್ ಮಾಡಿ, ಮಿಕ್ಕಿದ್ದು ನಾಳೆ ನೋಡೋಣವೆಂದು ಬಿಟ್ಟೆ. ನಾಳೆ ಎಂದರೆ ಪೂಜೆ. ಪಾನಾ, ಸುತ್ತಿಗೆ, ತಂತಿ ಬ್ರಷ್ಷು, ಕೆರೆಯುವ ಪಟ್ಟಿ ಎಲ್ಲವನ್ನೂ ತೊಳೆದು, ಒಪ್ಪವಾಗಿ ಜೋಡಿಸಿ, ವಿಭೂತಿ ಕುಂಕುಮ ಹಚ್ಚಿ ಪೂಜೆಗಿಟ್ಟರೆ ದಶಮಿಯ ದಿನ ಬನ್ನಿ ಕೊಡುವವರೆಗೆ ಯಾರೂ ಮುಟ್ಟುವಂತಿಲ್ಲ. ಅದು ನಮ್ಮಪ್ಪನ ಕಾಲದಿಂದ ಬಂದ ಕಟ್ಟು. ಪೂಜೆಯ ದಿನವೇ ನಂದಗಡದವನು ತಾಯಿಯನ್ನು ಕರೆದುಕೊಂಡು ಬಂದ. ಹಬ್ಬದ ದಿನವೇ ಗಾಡಿ ಮನೆಗೆ ಹೋಗಬೇಕೆಂದು ಆಕೆಯ ಹಟ. ಕುತ್ತಿಗೆಯ ಮೇಲೆ ಬೆರಳು ದಪ್ಪ ಗ್ರೀಸು ಕೂತಿತ್ತು. ಕೆರೆಯಲು ಹತ್ಯಾರ ಮುಟ್ಟುವಂತಿಲ್ಲ. ನಾನೇನು ಮಾಡಿದೆ? ನಂಬರ್ ಇದ್ದ ಆ ಜಾಗದ ಮೇಲೇ ಮೂರು ಬೆರಳಿನಿಂದ ವಿಭೂತಿ ಎಳೆದು, ಕುಂಕುಮ ಇಟ್ಟು, ಲಿಂಬೆಹಣ್ಣು ಗಾಲಿಯ ಕೆಳಗಿಟ್ಟು ಗಾಡಿ ಕೊಟ್ಟೆ. ಅಚ್ಚು ನಾಡಿದ್ದು ತೆಗೆದರಾಯಿತು ಎಂದೆ. ಆ ನಾಡಿದ್ದು ಬರಲೇ ಇಲ್ಲ.

ಊಟದ ಹಾಲ್‌ನಲ್ಲಿ ಬೇರೆ ಯಾರೂ ಇರಲಿಲ್ಲ. ಮೂರು ಅಚ್ಚುಗಳನ್ನೂ ಮಡಚಿ ಅಂಗಿಯ ಕಿಸೆಗೆ ಹಾಕಿದೆ. ಪಟ್ಟಿಯಲ್ಲಿ "ಅಚ್ಚು ಸರಿಯಾಗಿ ಬರಲಿಲ್ಲ, ಕಣ್ಣಿನಿಂದ ನೋಡಿ ತಾಳೆಯಾಗಿದೆ" ಎಂದು ಬರೆದು ಟಿಕ್ ಹಾಕಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸಂಜೆ ಮನೆ ಮುಟ್ಟುವುದರೊಳಗೆ ನಂದಗಡದವನದೇ ಫೋನು.

"ಕಾಕಾ, ಗಾಡಿ ಪೊಲೀಸರು ಹಿಡದಾರ್ರೀ. ಅವ್ವನ ಗುಳಿಗಿ ತರಾಕಂತ ಬೆಳಗಾವಿಗೆ ಬಂದಿದ್ದೆ, ಪಾಸ್ ಖಾನಾಪುರದ್ದಷ್ಟ ಇತ್ತು. ಹನ್ನೆರಡು ದಿನಾ ಆತು, ಡ್ಯೂಟಿಗೆ ನಡಕೋತ ಹೋಗಾಕತ್ತೀನಿ. ಎರಡ ಸಲ ಲೇಟಾಗೈತಿ. ಇನ್ನೊಮ್ಮಿ ಲೇಟಾದ್ರ ಬ್ಯಾರೇದವರನ ತಗೋತೀವಿ ಅಂದಾರ. ಠಾಣೆದಾಗ ನಿಮ್ಮ ಪೈಕಿ ಯಾರರ ಅದಾರೇನ್ರೀ?"

ನಂದಗಡದಿಂದ ಖಾನಾಪುರಕ್ಕೆ ದಿನಾ ಹತ್ತಾರು ಕಿಲೋಮೀಟರ್ ನಡೆದು ಹೋಗಿ ಬರುವುದೆಂದರೆ ತಮಾಷೆಯಲ್ಲ. ಅದೂ ಆ ಬಿಸಿಲಲ್ಲಿ, ಮಾಸ್ಕ್ ಕಟ್ಟಿಕೊಂಡು. "ನಾಲ್ಕು ದಿನಾ ತಡಿ, ಗಾಡಿ ಬರತೈತಿ" ಎಂದೆ. "ನೀವು ಅದೀರಿ ಅಂದ ಮ್ಯಾಲ ಚಿಂತಿ ಇಲ್ಲ ಬಿಡ್ರಿ" ಎಂದ. ಫೋನ್ ಇಟ್ಟ ಮೇಲೆ, ನೋಡು, ಮಾಡಿದ್ದೇ ಒಳ್ಳೆಯದಾಯಿತು, ಅವನ ಕೆಲಸ ಉಳಿಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಆಗಿನ ಕಾಲಕ್ಕೆ ಹೊರಗಿನಿಂದ ಬಂದವರು ಹಿತ್ತಿಲಲ್ಲೇ ಬಟ್ಟೆ ಬಿಚ್ಚಿ, ಬಿಸಿನೀರಿಗೆ ಹಾಕಿ, ಸ್ನಾನ ಮಾಡಿಯೇ ಒಳಗೆ ಬರಬೇಕಿತ್ತು. ಮೈ ಒರೆಸಿಕೊಂಡು ಬರುವಾಗ ಹೆಂಡತಿ, ಅಂಗಿ ನೀರಿಗೆ ಹಾಕುವ ಮುಂಚೆ ಕಿಸೆಯಿಂದ ತೆಗೆದ ಮೂರು ಕಾಗದಗಳನ್ನು ಬೆಳಕಿಗೆ ಹಿಡಿದು ನಿಂತಿದ್ದಳು. ಆಕೆ ನನ್ನ ಅಂಗಡಿಯ ಕೆಲಸ ನೋಡುತ್ತಲೇ ಇಷ್ಟು ವರ್ಷ ಕಳೆದವಳು, ಅಚ್ಚು ಎಂದರೇನೆಂದು ಗೊತ್ತಿಲ್ಲದವಳಲ್ಲ.

"ಇವನ್ನ ಪಟ್ಟಿಗೆ ಹಚ್ಚಲಿಲ್ಲೇನ್ರೀ?"

"ನಿನಗ್ಯಾಕ ಬೇಕ ಅದು? ಕಿಸೇದಾಗ ಕೈ ಹಾಕಬ್ಯಾಡಂತ ಎಷ್ಟ ಸಲ ಹೇಳೀನಿ?" ಎಂದು ಒದರಿದೆ. ಬಾಜು ಮನೆಯವರು ಕಿಟಕಿ ತೆಗೆದರು.

ಆಕೆ ಒದರಲಿಲ್ಲ. ಒಳಗೆ ಹೋಗಿ ಚಹ ಇಟ್ಟಳು. ಚಹ ಮುಂದಿಟ್ಟು, ಮೂರು ಕಾಗದಗಳನ್ನೂ ಅದರ ಬಾಜೂಕಿಟ್ಟು ಎದುರಿಗೆ ಕೂತಳು. ಅವುಗಳ ಮುಂದೆ ನನ್ನ ಸಿಟ್ಟು ನಿಲ್ಲಲಿಲ್ಲ. ಎಲ್ಲ ಹೇಳಿಬಿಟ್ಟೆ. ಹೇಳಿ, "ಈಗ ಬಾಯಿ ಬಿಟ್ರ ಆ ಮನಷ್ಯಾನ ನೌಕರಿ ಹೋಗತೈತಿ. ಕಳುವಿನ ಗಾಡಿ ಹೊಡ್ಯಾಂವ ಅಂತ ಕೇಸ್ ಆಗತೈತಿ. ಅಂವನ ಸಲುವಾಗೇ ಮಾಡೀನಿ" ಎಂದು ಸೇರಿಸಿದೆ.

"ಅಂವನ ಸಲುವಾಗಿ ಅಲ್ಲ ಬಿಡ್ರಿ, ನಿಮ್ಮ ಹೆಸರಿನ ಸಲುವಾಗಿ" ಎಂದಳು. "ಈಗ ಎಲ್ಲಾ ಚೌಕಿನ್ಯಾಗೂ ಗಾಡಿ ತಡ್ಯಾಕತ್ತಾರ. ಇವತ್ತ ಬಿಡಿಸಿ ಕೊಡತೀರಿ. ನಾಳೆ ಗೋವಾ ರಸ್ತಾದಾಗೊ, ಧಾರವಾಡದಾಗೊ ಯಾರರ ಹಿಡದು ಕುತಗಿ ಮ್ಯಾಲಿನ ನಂಬರ್ ನೋಡಿದ್ರ? ಆಗ ಅಂವ ಒಬ್ಬನ ಸಿಗತಾನ. ಮಿಸ್ತ್ರಿ ಕೊಟ್ಟಾನ ಅಂದ್ರ ಯಾರ ನಂಬತಾರ? ಈಗಾದ್ರ ನೀವು ಬಾಜೂಕ ನಿಂದರತೀರಿ."

ಚಹ ಆರಿಹೋಯಿತು. ಆಕೆಯೇ ಎದ್ದು ಇನ್ನೊಮ್ಮೆ ಕಾಯಿಸಿ ತಂದಳು.

ಮರುದಿನ ಕಾರ್ಯಾಲಯಕ್ಕೆ ಹೋಗದೆ ನೇರ ಠಾಣೆಗೆ ಹೋದೆ. ಮೇಡಮ್ ಆಗಷ್ಟೇ ಬಂದು ಮೇಜು ಒರೆಸುತ್ತಿದ್ದರು. ಮೂರು ಕಾಗದ ಮುಂದಿಟ್ಟು, ಪೂಜೆಯ ದಿನದಿಂದ ಹಿಡಿದು ಹಿಂದಿನ ದಿನ ಪಟ್ಟಿಯಲ್ಲಿ ಬರೆದ ಸುಳ್ಳಿನವರೆಗೆ ಹೇಳಿದೆ. ಮಾಸ್ಕಿನ ಮೇಲೆ ಕಾಣುವಷ್ಟು ಮುಖವೆಲ್ಲ ಕೆಂಪಾಯಿತು.

"ಕಾಯ್ ಹೋ ಮಿಸ್ತ್ರೀ! ಆ ಪಟ್ಟಿ ಮ್ಯಾಲ ನನ್ನ ಸಹಿ ಐತಲ್ರೀ! ನೋಡಲಾರದ ಮಾಡೀನಿ, ನೀವು ಬರದೀರಿ ಅಂತ ನಂಬಿ." ಸ್ವಲ್ಪ ಹೊತ್ತು ಮರಾಠಿಯಲ್ಲೇ ಬೈದರು. ತಲೆ ತಗ್ಗಿಸಿ ನಿಂತೆ; ಬೈಸಿಕೊಳ್ಳಬೇಕಾದ್ದೇ ಇತ್ತು. ಆಮೇಲೆ ಕಂಪ್ಯೂಟರಿನಲ್ಲಿ ನಂಬರ್ ಹಾಕಿಸಿದರು. ನಮ್ಮ ಊರಿನದೇ ಇನ್ನೊಂದು ಠಾಣೆಯಲ್ಲಿ, ಆ ದಸರೆಗೆ ಸ್ವಲ್ಪ ಮುಂಚೆ, ಆ ಗಾಡಿ ಕಳುವಾದ ದೂರು ಇತ್ತು.

ಅವರಿಗೆ ನಗು ಬಂತು, ಖುಷಿಯದಲ್ಲ. "ನೋಡ್ರಿ, ಹೊಸಾ ಕಳುವು ಇಲ್ಲಂತ ನಾವು ಕುಂತೀವಿ. ಬಂದ್ ಇರಲಿಲ್ಲಂದ್ರ ಈ ಗಾಡಿ ಯಾರೂ ತಡೀತಿರಲಿಲ್ಲ, ಹಳೇದೂ ಸಿಗತಿರಲಿಲ್ಲ."

ನಾನು ಕೇಳಬೇಕಾದ್ದು ಒಂದೇ ಇತ್ತು. ನಂದಗಡದವನ ಗತಿ ಏನು? ನಾನೇ ಮಾರಿದ್ದು, ಅವನಿಗೆ ಏನೂ ಗೊತ್ತಿರಲಿಲ್ಲ ಎಂದು ಬರೆದು ಸಹಿ ಮಾಡಿಕೊಟ್ಟರೆ, ಸಾಹೇಬರೂ ಒಪ್ಪಿದರೆ, ಅವನನ್ನು ಆರೋಪಿ ಮಾಡದೆ ಸಾಕ್ಷಿ ಮಾಡಬಹುದು ಎಂದರು. ಗಾಡಿ ಮಾತ್ರ ಕೋರ್ಟಿನ ಮೂಲಕ ಮೂಲ ಮಾಲಕನಿಗೆ. ನನ್ನ ಮೇಲೆ ವಿಚಾರಣೆ. ಸಾಹೇಬರು ಬಂದು ನನ್ನನ್ನು ಮಧ್ಯಾಹ್ನದವರೆಗೆ ಕೂರಿಸಿ ಕೇಳಿದ್ದನ್ನೇ ಹತ್ತು ಸಲ ಕೇಳಿ, ಕೊನೆಗೆ ಒಪ್ಪಿದರು. ಎರಡು ಹಾಳೆ ಬರೆದುಕೊಟ್ಟೆ. ಇಸ್ತ್ರಿ ಅಂಗಿಯವನ ಫೋನ್ ನಂಬರನ್ನೂ ಕೊಟ್ಟೆ. ಅದು ಸ್ವಿಚ್ ಆಫ್. ಅವನು ಇವತ್ತಿಗೂ ಸಿಕ್ಕಿಲ್ಲ. ಆಮೇಲಿನ ಎರಡು ವರ್ಷ ನಾನು ಕೋರ್ಟಿಗೆ ಅಲೆದದ್ದು, ಆಟೋ ನಗರದ ಮಂದಿ ಬಾಯಿಗೆ ಬಂದಂತೆ ಆಡಿಕೊಂಡದ್ದು ಬೇರೆಯದೇ ಮಾತು. ಈಗ ಹಳೇ ಗಾಡಿ ಕೊಡು-ಕೊಳ್ಳುವುದನ್ನು ಬಿಟ್ಟಿದ್ದೇನೆ.

ಅದಾದ ಮರುದಿನ ಪಾಸ್ ತೆಗೆದುಕೊಂಡು ನನ್ನ ಸ್ವಂತ ಬೈಕಿನಲ್ಲಿ ನಂದಗಡಕ್ಕೆ ಹೋದೆ. ಅದನ್ನು ಅವನಿಗೆ ಬಿಟ್ಟು, ತರಕಾರಿ ಗಾಡಿ ಹತ್ತಿ ತಿರುಗಿ ಬರುವುದೆಂದು ಹೆಂಡತಿಯ ಜೊತೆ ಮಾತಾಗಿತ್ತು. ಖಾನಾಪುರ ದಾಟಿದ ಮೇಲೆ ರಸ್ತೆಯಲ್ಲಿ ನಾನೊಬ್ಬನೇ. ಏನು ಹೇಳಬೇಕೆಂದು ಗೊತ್ತಿಲ್ಲದೆ ಎರಡು ಸಲ ಮರದ ಕೆಳಗೆ ನಿಲ್ಲಿಸಿ ನೀರು ಕುಡಿದೆ.

ಅವನು ಡ್ಯೂಟಿ ಮುಗಿಸಿ ಬಂದು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಹಿಮ್ಮಡಿಗೆ ಬಟ್ಟೆ ಸುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. "ಬರ್ರಿ ಕಾಕಾ, ಬರ್ರಿ. ಗಾಡಿ ಬಿಡಿಸಿದ್ರೇನು?" ಎಂದು ನನ್ನ ಹಿಂದೆ ರಸ್ತೆಯ ಕಡೆ ನೋಡಿದ.

ಕೂರದೆ ನಿಂತಲ್ಲೇ ಹೇಳಿದೆ. ಬಾಗಿಲ ಹಿಂದೆ ನಿಂತಿದ್ದ ಅವನ ತಾಯಿ ಸೆರಗು ಬಾಯಿಗೆ ಹಿಡಿದು ಹೊರಗೆ ಬಂದಳು.

"ಓಣ್ಯಾಗ ಕಳ್ಳರು ಅಂತಾರೇನಪಾ ನಮ್ಮನ್ನ? ನೀ ದೊಡ್ಡಾಂವ ಅಂತ ಬಂದಿದ್ವಿ. ಈಗ ಹೊಳ್ಳಿ ಬಂದು ಹೀಂಗ ಹೇಳಾಕ ನಿನಗ ನಾಚಿಕಿ ಬರೂದಿಲ್ಲ?"

"ಬರತೈತಿ ಅವ್ವಾ" ಎಂದೆ. "ಯಾರೂ ಅನ್ನಂಗಿಲ್ಲ. ತಪ್ಪು ನಂದು ಅಂತ ಬರಕೊಟ್ಟೀನಿ. ಇಂವನ ಹೆಸರು ಸಾಕ್ಷ್ಯಾಗಷ್ಟ ಬರತೈತಿ. ಆಸ್ಪತ್ರಿಯವ್ರು ಕೇಳಿದ್ರ ನಾನ ಬಂದು ಹೇಳತೀನಿ." ನನ್ನ ಬೈಕಿನ ಕೀಲಿ ಕಟ್ಟೆಯ ಮೇಲಿಟ್ಟೆ. "ಇದು ನನ್ನ ಗಾಡಿ. ನಾಳಿಂದ ಡ್ಯೂಟಿಗೆ ಇದರ ಮ್ಯಾಲ ಹೋಗು. ಇದನ್ನ ನಾ ತಿರುಗಿ ಕೇಳಂಗಿಲ್ಲ."

ಆಕೆ ಬೈಯುತ್ತಲೇ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ನನ್ನಿಂದ ಒಂದು ಮಾರು ದೂರದಲ್ಲಿಟ್ಟಳು. ನಾನು ಕುಡಿದೆ. ಅವನೂ ಬೈಯಲಿ, ಅಂಗಿ ಹಿಡಿದು ಎಳೆಯಲಿ, ಅದಕ್ಕೆಲ್ಲ ತಯಾರಾಗಿಯೇ ಬಂದಿದ್ದೆ. ಅವನು ಕೀಲಿ ಮುಟ್ಟದೆ ತನ್ನ ಹಿಮ್ಮಡಿಯ ಬಟ್ಟೆ ಬಿಚ್ಚಿ, ಮತ್ತೆ ಬಿಗಿಯಾಗಿ ಸುತ್ತಿಕೊಂಡ. ಆಮೇಲೆ ತಲೆಯೆತ್ತಿ ಕೇಳಿದ:

"ಕಾಕಾ, ಆ ಗಾಡಿ ಕಳಕೊಂಡಾವ್ರು ಇಷ್ಟ ದಿನಾ ಕೆಲಸಕ್ಕ ಹೆಂಗ ಹೋದ್ರಂತ್ರೀ?"

ನನಗೆ ಗೊತ್ತಿಲ್ಲ ಎಂದೆ. ಆ ಮಾಲಕನ ಹೆಸರು, ಓಣಿ ಎರಡನ್ನೂ ಠಾಣೆಯಲ್ಲಿ ನನ್ನ ಕಣ್ಣಾರೆ ಓದಿದ್ದೆ. ಕೇಳಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.